ಹೆಸರು ಆಮೇಲೆ, ವಿವರ ಮೊದಲು

ಅಕ್ಟೋಬರ್ ಹೊಕ್ಕಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಕ್ಕಿ ವೀಕ್ಷಕರ ಮೊಬೈಲಿಗೆ ಒಂದೇ ಬಗೆಯ ಚಿತ್ರ ಮೇಲಿಂದ ಮೇಲೆ ಬರತೊಡಗುತ್ತದೆ. ಜಗಲಿಯ ಮೂಲೆಯಲ್ಲೋ ಕಟ್ಟಿಗೆ ರಾಶಿಯ ಹಿಂದೆಯೋ ಮುದುಡಿ ಕೂತ, ಗಿಡ್ಡ ಬಾಲದ, ಹಸಿರು ಬೆನ್ನಿನ ಹಕ್ಕಿ. ಕಣ್ಣನ್ನು ಹಾದು ಹೋಗುವ ದಪ್ಪ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಬಾಲದ ಬುಡದಡಿ ಕಡುಗೆಂಪು. ಜತೆಗೊಂದು ಪ್ರಶ್ನೆ: ಇದು ಯಾರದೋ ಪಂಜರದಿಂದ ತಪ್ಪಿಸಿಕೊಂಡ ವಿದೇಶಿ ಹಕ್ಕಿಯೇ?

ಅಲ್ಲ. ಇದು ನವರಂಗ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲಲ್ಲೂ ಮಧ್ಯ ಭಾರತದ ಕಾಡುಗಳಲ್ಲೂ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ನಮ್ಮದೇ ದೇಶದ ಹಕ್ಕಿ. ರಾತ್ರಿ ಹಾರುತ್ತಾ ಬರುವಾಗ ದೀಪದ ಬೆಳಕಿಗೆ ದಿಕ್ಕು ತಪ್ಪಿ ಗೋಡೆಗೋ ಗಾಜಿಗೋ ಬಡಿದುಕೊಳ್ಳುತ್ತದೆ. ಇಲ್ಲವೇ ದಣಿದು ಸಿಕ್ಕಲ್ಲಿ ಇಳಿದುಬಿಡುತ್ತದೆ. ಅದಕ್ಕೆ ಬೇಕಾದದ್ದು ಮದ್ದಲ್ಲ, ಕತ್ತಲೆ ಮತ್ತು ವಿಶ್ರಾಂತಿ. ನಾಲ್ಕಾರು ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನು ಅದರಲ್ಲಿಟ್ಟು, ಬೆಕ್ಕು ಮತ್ತು ಮಕ್ಕಳ ಕೈಗೆ ಸಿಗದ ಕಡೆ ಒಂದೆರಡು ಗಂಟೆ ಬಿಡಿ. ಚೇತರಿಸಿಕೊಂಡ ಮೇಲೆ ಪೊದೆಯಿರುವ ತೋಟದ ಅಂಚಿನಲ್ಲಿ ಪೆಟ್ಟಿಗೆಯ ಬಾಯಿ ತೆರೆದರೆ ಸಾಕು, ತಾನೇ ಹಾರಿ ಹೋಗುತ್ತದೆ. ಚಳಿಗಾಲವಿಡೀ ಅದೇ ತೋಟದ ತರಗೆಲೆ ಕೆದಕಿ ಹುಳ ಹೆಕ್ಕುತ್ತಾ, ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತಾ ಇರುತ್ತದೆ.

ಈ ಪ್ರಶ್ನೆಗೆ ಉತ್ತರ ಕ್ಷಣದಲ್ಲಿ ಸಿಗುವುದಕ್ಕೆ ಕಾರಣವಿದೆ. ಚಿತ್ರವಿದೆ, ತಿಂಗಳು ಗೊತ್ತಿದೆ, ಊರು ಗೊತ್ತಿದೆ. ಉಳಿದ ಹೆಚ್ಚಿನ ಪ್ರಶ್ನೆಗಳು ಹಾಗೆ ಬರುವುದಿಲ್ಲ. "ದೊಡ್ಡದೊಂದು ಹಕ್ಕಿ ಕಂಡೆ, ಯಾವುದು?" ಎಂದಷ್ಟೇ ಬರುತ್ತವೆ, ಇಲ್ಲವೇ "ಇವತ್ತು ಗರುಡ ನೋಡಿದೆ" ಎಂದು ತೀರ್ಮಾನವಾಗಿಯೇ ಬರುತ್ತವೆ. ಹಕ್ಕಿ ನೋಡುವವರು ಒಬ್ಬರಿಗೊಬ್ಬರು ನೆರವಾಗುವ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಜ್ಞಾನದ ಕೊರತೆಯಲ್ಲ, ಹೆಸರಿಗೆ ಪಡುವ ಅವಸರ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನೆರವು ಕೇಳುವ, ಕೊಡುವ ಈ ಪರಿಪಾಠ ಮೊಬೈಲಿನ ಜತೆ ಬಂದದ್ದಲ್ಲ. ಜಫರ್ ಫತೇಹಲಿ 1959ರಲ್ಲಿ 'ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್' ಎಂಬ ಪುಟ್ಟ ಪತ್ರಿಕೆ ಶುರುಮಾಡಿದಾಗ ಅದರಲ್ಲಿ ಬರೆದವರು ಹೆಚ್ಚಾಗಿ ಹವ್ಯಾಸಿಗಳು. ಒಬ್ಬರು ಕಂಡದ್ದನ್ನು ಬರೆಯುವುದು, ಇನ್ನೊಂದೂರಿನವರು ಅದಕ್ಕೆ ತಮ್ಮ ಅನುಭವ ಸೇರಿಸುವುದು. ಅಂಚೆಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಆ ಮಾತುಕತೆ ಈಗ ನಿಮಿಷದಲ್ಲಿ ಮುಗಿಯುತ್ತದೆ. ಪತ್ರ ಬರೆಯುವವರು ಮಾತ್ರ ಕಂಡದ್ದನ್ನೆಲ್ಲ ವಿವರಿಸಲೇಬೇಕಿತ್ತು. ಆ ಶಿಸ್ತನ್ನು ನಾವು ಉಳಿಸಿಕೊಳ್ಳಬೇಕು. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಬರೆದ 'ಹಕ್ಕಿ ಪುಕ್ಕ' ಈ ಭಾಗದ ಎಷ್ಟೋ ಜನರ ಮೊದಲ ಹಕ್ಕಿ ಪುಸ್ತಕ. ಹಕ್ಕಿಯ ಮೈಬಣ್ಣ, ನಡೆ, ದನಿಗಳನ್ನು ಕನ್ನಡದಲ್ಲೇ ವಿವರಿಸಬಹುದು ಎಂಬ ಧೈರ್ಯ ಬಂದದ್ದು ಅಂಥ ಪುಸ್ತಕಗಳಿಂದ.

ಊರು ಮತ್ತು ತಿಂಗಳು

ಈ ಮೂರು ತಾಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಹಕ್ಕಿಗಳ ಲೆಕ್ಕದಲ್ಲಿ ಒಂದೇ ಅಲ್ಲ. ಬಂಟ್ವಾಳದಲ್ಲಿ ನೇತ್ರಾವತಿ, ತುಂಬೆಯ ಕಿಂಡಿ ಅಣೆಕಟ್ಟಿನ ಹಿನ್ನೀರು, ಬೈಲುಗದ್ದೆ, ಕಂಗಿನ ತೋಟ. ಮೂಡುಬಿದಿರೆಯಲ್ಲಿ ಕೆಂಪುಕಲ್ಲಿನ ಪದವು, ಗೇರುಗುಡ್ಡೆ, ಕೆರೆಗಳು, ಊರೊಳಗೇ ಹಳೆಯ ಬಸದಿಗಳು. ಬೆಳ್ತಂಗಡಿ ಘಟ್ಟದ ಬುಡ. ಚಾರ್ಮಾಡಿ, ಶಿಶಿಲ, ಕುದುರೆಮುಖದ ತಪ್ಪಲಿನ ಕಾಡು ತೋಟಕ್ಕೇ ತಾಗಿಕೊಂಡಿದೆ.

ಹಾಗಾಗಿ ಒಂದೇ ವಿವರಕ್ಕೆ ಮೂರು ಕಡೆ ಮೂರು ಉತ್ತರ. "ಭಾರಿ ಕೊಕ್ಕಿನ ಹಕ್ಕಿ, ಹಾರುವಾಗ ರೆಕ್ಕೆಯ ಸದ್ದು ಕೆಳಗೆ ನಿಂತವರಿಗೂ ಕೇಳಿಸಿತು" ಎಂದು ಚಾರ್ಮಾಡಿಯಿಂದ ಬಂದರೆ ಅದು ದೊಡ್ಡ ಮಂಗಟ್ಟೆ ಎಂದು ಊಹಿಸಲು ಅಡ್ಡಿಯಿಲ್ಲ. ಬಂಟ್ವಾಳದ ತೋಟದಲ್ಲಿ ಯಾರೋ ಗಹಗಹಿಸಿ ನಕ್ಕಂಥ ಕೂಗು ಕೇಳಿ, ಆಮೇಲೆ ಬೂದು ಮೈಯ, ದೊಡ್ಡ ಕೊಕ್ಕಿನ ಹಕ್ಕಿ ಕಂಡರೆ ಅದು ಸಣ್ಣ ಗಾತ್ರದ ಬೂದು ಮಂಗಟ್ಟೆ. ಕತ್ತಲಾದ ಮೇಲೆ "ಚುಕ್ ಚುಕ್ ಚುಕ್" ಎಂದು ಶುರುವಾಗಿ, ಗಟ್ಟಿ ನೆಲದ ಮೇಲೆ ಬಿದ್ದ ಗೋಲಿ ಪುಟಿದು ಪುಟಿದು ನಿಲ್ಲುವಂತೆ ವೇಗ ಹೆಚ್ಚಿಸಿಕೊಂಡು ಮುಗಿಯುವ ಸದ್ದು ಮೂಡುಬಿದಿರೆಯ ಪದವಿನಿಂದ ಬಂದರೆ ಅದು ನತ್ತಿಂಗ. ಜೂನ್ ತಿಂಗಳಲ್ಲಿ ಬೆಳ್ತಂಗಡಿಯ ತೋಟದಿಂದ ಅಂಥದೇ "ಟಿಕ್ ಟಿಕ್" ಬಂದರೆ ಹಕ್ಕಿಯೆಂದೇ ತಿಳಿಯಬೇಡಿ. ಮಳೆಗಾಲದ ಮರಗಪ್ಪೆಗಳು ಹೊಸಬರನ್ನು ಚೆನ್ನಾಗಿ ದಾರಿ ತಪ್ಪಿಸುತ್ತವೆ.

ತಿಂಗಳೂ ಅಷ್ಟೇ ಮುಖ್ಯ. ಗದ್ದೆಯಲ್ಲಿ ದಿನಾ ಕಾಣುವ ಬೆಳ್ಳಕ್ಕಿ ಬೇಸಿಗೆ ಕೊನೆಗೆ ತಲೆ, ಕುತ್ತಿಗೆ, ಬೆನ್ನಿಗೆ ಅರಿಶಿನ ಹಚ್ಚಿಕೊಂಡಂತೆ ಬದಲಾಗುತ್ತದೆ. ಅದು ಗೂಡು ಕಟ್ಟುವ ಕಾಲದ ಉಡುಗೆ. ಮಳೆಗೆ ಮೊದಲು ಆಫ್ರಿಕಾದ ಕಡೆಯಿಂದ ಚಾತಕ ಬರುತ್ತದೆ. ಜೂನ್ ಜುಲೈಯ ಬಿರುಗಾಳಿಗೆ ಸಿಕ್ಕ ಕಡಲಹಕ್ಕಿಗಳು ಕೆಲವೊಮ್ಮೆ ಒಳನಾಡಿಗೆ ಬಂದು ಬೀಳುತ್ತವೆ. ತೋಟದ ನಡುವೆ ಉದ್ದ ರೆಕ್ಕೆ, ಕವಲು ಬಾಲ, ಮೇಲೆ ಕಪ್ಪು ಕೆಳಗೆ ಬಿಳಿ ಇರುವ ಹಕ್ಕಿ ಸೋತು ಕೂತಿದ್ದರೆ ಮೊದಲು ಕಡಲ ರೀವದ ಜಾತಿಗಳನ್ನು ನೆನೆಯಬೇಕು. ಅದನ್ನು ಹೊಳೆಗೆ ಬಿಡುವುದಾಗಲಿ ಆಕಾಶಕ್ಕೆ ಎಸೆದು ಹಾರಿಸಲು ನೋಡುವುದಾಗಲಿ ತಪ್ಪು. ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ತಿಳಿಸಿ.

ಕೇಳುವ ಕ್ರಮ

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ ಬರೆಯುತ್ತೇನೆ:

"ಮಾಷ್ಟ್ರೆ, ನಮಸ್ಕಾರ. ಪೊಳಲಿ ಹತ್ತಿರ ಗದ್ದೆಯ ಕಟ್ಟಪುಣಿಯಲ್ಲಿ ಇವತ್ತು ಬೆಳಿಗ್ಗೆ ಏಳೂವರೆಗೆ ನೋಡಿದ್ದು. ಕಾಗೆಗಿಂತ ಸ್ವಲ್ಪ ದೊಡ್ಡದು, ಕೊಕ್ಕು ಉದ್ದ. ಬೆನ್ನು ಕಡು ಕಂದುಗೆಂಪು, ತಲೆ ಕುತ್ತಿಗೆ ಮಾಸಲು ಹಳದಿ. ನೀರಿನ ಅಂಚಿಗೆ ಅಲ್ಲಾಡದೆ ನಿಂತಿತ್ತು. ಕಾಲು ಹುಲ್ಲಿನೊಳಗಿದ್ದದ್ದರಿಂದ ಕಾಣಲಿಲ್ಲ. ಚಿತ್ರ ದೂರದ್ದು, ಸ್ಪಷ್ಟ ಇಲ್ಲ."

ಒಳ್ಳೆಯ ಉತ್ತರ ಹೆಸರಿನಿಂದ ಶುರುವಾಗುವುದಿಲ್ಲ, ಮರುಪ್ರಶ್ನೆಯಿಂದ ಶುರುವಾಗುತ್ತದೆ: "ಹಾರಿದ್ದನ್ನು ನೋಡಿದಿರಾ? ರೆಕ್ಕೆ ಬಿಚ್ಚಿದಾಗ ಯಾವ ಬಣ್ಣ ಕಂಡಿತು?" ಹಾರಿದಾಗ ಪೂರ್ತಿ ಬಿಳಿ ಕಂಡಿತು ಎಂದು ಅತ್ತಲಿಂದ ಬಂದರೆ ಗಂಟು ಬಿಚ್ಚಿತು. ಅದು ಉಳಿದ ಕಾಲದಲ್ಲಿ ಮಣ್ಣಿನ ಬಣ್ಣದಲ್ಲಿ ಕೂರುವ ಕೊಳದ ಬಕವೇ, ಮಳೆಗಾಲದ ಮದುವಣಗಿತ್ತಿ ಬಣ್ಣದಲ್ಲಿ. ಆ ಪ್ರಶ್ನೆ ಕೇಳಿದವರು ಮುಂದೆ ಯಾವ ಹಕ್ಕಿ ಕಂಡರೂ ರೆಕ್ಕೆ ಬಿಚ್ಚುವ ತನಕ ಕಾಯುತ್ತಾರೆ. ಹೆಸರನ್ನಷ್ಟೇ ಹೇಳಿದ್ದರೆ ಆ ಕಲಿಕೆ ಆಗುತ್ತಿರಲಿಲ್ಲ.

ಮಾದರಿಯಲ್ಲಿ ಗಮನಿಸಬೇಕಾದ್ದು ಎರಡು. ಗಾತ್ರವನ್ನು ಇಂಚಿನಲ್ಲಿ ಹೇಳಿಲ್ಲ, ಗೊತ್ತಿರುವ ಹಕ್ಕಿಗೆ ಹೋಲಿಸಿ ಹೇಳಿದ್ದಾರೆ. ಪಕ್ಷಿತಜ್ಞ ಸಲೀಂ ಅಲಿ ತಮ್ಮ ಪುಸ್ತಕಗಳಲ್ಲಿ ಅನುಸರಿಸಿದ್ದೂ ಇದೇ ದಾರಿ: ಗುಬ್ಬಚ್ಚಿ, ಪಿಕಳಾರ, ಮೈನಾ, ಕಾಗೆ, ಹದ್ದು ಎಂಬ ಅಳತೆಗೋಲು. ಇನ್ನೊಂದು, ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆದಿದ್ದಾರೆ. ಪುಸ್ತಕದ ಚಿತ್ರ ನೋಡಿದ ಮೇಲೆ ಕಾಣದ ಕಾಲಿಗೂ ಬಣ್ಣ ಬಂದುಬಿಡುತ್ತದೆ, ಮನಸ್ಸಿನ ಸ್ವಭಾವವೇ ಹಾಗೆ. ಆದ್ದರಿಂದ ಪುಸ್ತಕ ತೆರೆಯುವ ಮೊದಲೇ ಬರೆದಿಟ್ಟುಕೊಳ್ಳಿ.

ತುಳು ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಕೆಂಬೂತವನ್ನು ಕುಪುಳು ಎಂದರೆ ಇಲ್ಲಿ ಯಾರಿಗೂ ಗೊಂದಲವಿಲ್ಲ. ಆದರೆ ಗಿಡಿ ಎಂದರೆ ಹದ್ದು, ಗಿಡುಗಗಳ ಹಲವು ಜಾತಿ ಅದರೊಳಗೆ ಬರುತ್ತವೆ. ಹೆಸರಿನ ಜತೆ ಬಾಲದ ಆಕಾರ, ಎದೆಯ ಗೆರೆ ಹೇಳಿದರೆ ಕೆಲಸ ಸುಲಭ.

ಚಿತ್ರ ಕಳಿಸುವಾಗ ಬಣ್ಣ ತಿದ್ದಬೇಡಿ. ಮೊದಲ ಚಿತ್ರ ದೂರದಿಂದಲೇ ತೆಗೆದು, ಆಮೇಲೆ ಹತ್ತಿರ ಹೋಗಿ. ಮಸುಕಾದ ಚಿತ್ರವನ್ನು ನಾಚಿಕೆಪಟ್ಟು ಅಳಿಸುವುದು ಬೇಡ; ಕೂತ ಭಂಗಿ, ಬಾಲದ ಉದ್ದ, ಕೊಕ್ಕಿನ ಓರೆ ಅದರಲ್ಲೂ ಸಿಗುತ್ತವೆ. ಚುಕ್ಕೆ ಚುಕ್ಕೆಯ ಕಂದು ಹಕ್ಕಿಯೊಂದು ಹಣ್ಣಿನ ಮರದಲ್ಲಿದೆ ಎಂದು ಬರುವ ಮಸುಕು ಚಿತ್ರಗಳು ಬಹಳ ಸಲ ಹೆಣ್ಣು ಕೋಗಿಲೆಯವು. ಗಂಡು ಕಪ್ಪಗಿರುವುದರಿಂದ ಹೆಣ್ಣನ್ನು ಬೇರೆ ಜಾತಿ ಎಂದೇ ಜನ ತಿಳಿಯುತ್ತಾರೆ.

ಇ-ಬರ್ಡ್ ಜಾಲತಾಣದಲ್ಲಿ ಹಕ್ಕಿಗಳ ಪಟ್ಟಿ ದಾಖಲಿಸುವವರಿಗೆ ಇನ್ನೊಂದು ಮಾತು. ಆ ಊರಿಗೆ, ಆ ತಿಂಗಳಿಗೆ ಅಪರೂಪವಾದ ಹಕ್ಕಿ ನಮೂದಿಸಿದರೆ ಸ್ವಯಂಸೇವಕ ಪರಿಶೀಲಕರಿಂದ ಹೆಚ್ಚಿನ ವಿವರ ಕೇಳಿ ಪತ್ರ ಬರುತ್ತದೆ. ಅದನ್ನು ಅಪನಂಬಿಕೆ ಎಂದು ತಿಳಿದು ಮುನಿಸಿಕೊಳ್ಳುವವರಿದ್ದಾರೆ. ಅದು ಮೇಲಿನ ಮಾಷ್ಟ್ರ ಮರುಪ್ರಶ್ನೆಯೇ. ಟಿಪ್ಪಣಿ ಪುಸ್ತಕದಲ್ಲಿದ್ದದ್ದನ್ನು ಹಾಗೇ ಎತ್ತಿ ಬರೆದರೆ ಸಾಕು.

ಕಾಣದ ಹಕ್ಕಿಯ ದನಿ

ಕಾಡಂಚಿನ ಊರುಗಳಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ದನಿಯನ್ನು ಅಕ್ಷರದಲ್ಲಿ ಬರೆದು ಕೇಳಿದರೆ ಒಬ್ಬರ "ಕುಟ್ರು" ಇನ್ನೊಬ್ಬರಿಗೆ "ಪುಕ್ರು" ಆಗುತ್ತದೆ. ಮೊಬೈಲಿನ ರೆಕಾರ್ಡರ್ ತೆರೆದು, ಕೈ ಅಲ್ಲಾಡಿಸದೆ, ಮಾತಾಡದೆ, ಕನಿಷ್ಠ ಅರ್ಧ ನಿಮಿಷ ಹಿಡಿಯಿರಿ. ಕೊನೆಗೆ ಊರು, ತಾರೀಕು, ಹೊತ್ತು ನಿಮ್ಮದೇ ದನಿಯಲ್ಲಿ ಹೇಳಿ ನಿಲ್ಲಿಸಿ. ಕಳಿಸುವಾಗ ವಾಟ್ಸ್ಆ್ಯಪ್‌ನ ವಾಯ್ಸ್ ಮೆಸೇಜ್ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ಮೆಸೇಜ್ ಇರುವುದು ಮನುಷ್ಯರ ಮಾತಿಗೆ. ಹಕ್ಕಿಯ ಸಣ್ಣ ಸ್ವರಗಳು ಅದರಲ್ಲಿ ಸವೆದುಹೋಗಬಹುದು.

ಕಾರ್ನೆಲ್ ಪ್ರಯೋಗಾಲಯದ ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಸೂಚಿಸುತ್ತದೆ. ಅದು ಸೂಚನೆ, ತೀರ್ಪಲ್ಲ. 2005ರಿಂದ ನಡೆಯುತ್ತಿರುವ ಝೆನೋ-ಕ್ಯಾಂಟೊ ಎಂಬ ಧ್ವನಿ ಭಂಡಾರದಲ್ಲಿ ಅದೇ ಹಕ್ಕಿಯ ಹಲವು ಮುದ್ರಿಕೆ ಕೇಳಿ ತಾಳೆ ನೋಡಬಹುದು. ಘಟ್ಟದ ಬುಡದಲ್ಲಿ ಆ್ಯಪನ್ನೂ ಅನುಭವಿಗಳನ್ನೂ ಒಟ್ಟಿಗೆ ಮೋಸಗೊಳಿಸುವವನೊಬ್ಬನಿದ್ದಾನೆ, ಭೀಮರಾಜ. ಬಾಲದ ತುದಿಯ ಎರಡು ಉದ್ದ ತಂತಿಗಳಿಂದ ಗುರುತಾಗುವ ಈ ಕಾಜಾಣ ಇತರ ಹಕ್ಕಿಗಳ ದನಿಯನ್ನು ಒಂದರ ಹಿಂದೆ ಒಂದು ಅನುಕರಿಸುತ್ತದೆ. ಎಲೆಹಕ್ಕಿಗಳದ್ದೂ ಇದೇ ಚಾಳಿ. ಹಗಲಲ್ಲಿ ಒಂದೇ ಮರದಿಂದ ಗಿಡುಗ, ಪಿಕಳಾರ, ಹರಟೆಮಲ್ಲ ಮೂರೂ ಕೂಗಿದ ಹಾಗೆ ಕೇಳಿದರೆ ಹೆಸರು ಬರೆಯುವ ಮೊದಲು ಕೂಗುವವರ ಮುಖ ನೋಡಲೇಬೇಕು. ತೋಟದಲ್ಲಿ ಗಂಟೆಗಟ್ಟಲೆ "ಚಿಪ್ ಚಿಪ್ ಚಿಪ್" ಎನ್ನುವುದು ಹೆಚ್ಚಾಗಿ ಅಳಿಲು. ಹಾವನ್ನೋ ಬೆಕ್ಕನ್ನೋ ಕಂಡು ಎಚ್ಚರಿಸುತ್ತಿರುತ್ತದೆ. ಕಾಡಿನ ಕೆಂಜಳಿಲಿನ ಗಟ್ಟಿ ಚಟಚಟ ಕೂಗನ್ನೂ ಮಂಗಟ್ಟೆಯದೆಂದು ಬರೆದವರುಂಟು.

ಮಳೆಗಾಲದ ಬೆಳಗಿನ ಜಾವ ತೋಡಿನ ಕಡೆಯಿಂದ ಯಾರೋ ಗುರಿಯಿಲ್ಲದೆ ಸಿಳ್ಳೆ ಹಾಕುತ್ತಾ ಹೋದಂತೆ ಕೇಳಿದರೆ ಅದು ಸಿಳ್ಳಾರ. ರಾಗಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಮನುಷ್ಯನ ಸಿಳ್ಳೆಗೆ ಇಷ್ಟು ಹತ್ತಿರದ ದನಿ ನಮ್ಮ ಕಡೆ ಇನ್ನೊಂದಿಲ್ಲ. ಬೆಳ್ತಂಗಡಿಯ ಹೊಳೆಬದಿಯ ಮನೆಗಳಿಗೆ ಹೊಸದಾಗಿ ಬಂದವರು ಇದನ್ನು ಕೇಳಿ ಬಾಗಿಲು ತೆರೆದು ನೋಡುವುದು ಸಹಜ.

ರಾತ್ರಿಯ ಕೂಗುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಲ್ಲಿ ಹೆದರಿಕೆಯೂ ಇದೆ. ನಾಗಬನ, ದೈವಸ್ಥಾನದ ಪಕ್ಕದ ಹಳೆಯ ಮಾವು, ಆಲದ ಮೇಲಿಂದ ಮುಸ್ಸಂಜೆ ಹೊತ್ತು ನಡುಗುತ್ತಾ ಏರಿ ಇಳಿಯುವ ಕೂಗು ಬಂದರೆ ಅದು ಬಹುತೇಕ ಮಾಟಲ್ಡ್ ವುಡ್ ಔಲ್ ಎಂಬ ಕಾಡುಗೂಬೆ. ಸಾವಿನ ಸೂಚನೆ ಎಂದು ಹೆದರುವ ಹಿರಿಯರು ಈಗಲೂ ಇದ್ದಾರೆ. ಜೋಡಿಯೊಂದು ತನ್ನ ಜಾಗವನ್ನು ಸಾರಿಕೊಳ್ಳುವ ಕೂಗದು. ಹಗಲು ಆ ಮರದ ಬುಡದಲ್ಲಿ ಹುಡುಕಿದರೆ ಇಲಿ ಹೆಗ್ಗಣಗಳ ಎಲುಬು, ಕೂದಲು ಸೇರಿದ ಉಂಡೆ ಸಿಗಬಹುದು. "ಊ... ಉಕ್, ಊ... ಉಕ್" ಎಂದು ನಿಯಮಿತವಾಗಿ ಕೂಗುವುದು ಬ್ರೌನ್ ಹಾಕ್ ಔಲ್. ಹೆದರಿದವರಿಗೆ ಮೂಢನಂಬಿಕೆ ಎಂದು ಬೈದು ಉತ್ತರಿಸುವುದಕ್ಕಿಂತ ಮುದ್ರಿಕೆ ಕೇಳಿಸಿ, ಹಕ್ಕಿಯ ಚಿತ್ರ ತೋರಿಸುವುದು ಮೇಲು. ದನಿಗೆ ಒಂದು ಮುಖ ಸಿಕ್ಕಿದ ಮೇಲೆ ಭಯ ಉಳಿಯುವುದಿಲ್ಲ.

ಮುದ್ರಿಸಿದ ದನಿಯನ್ನು ಕಾಡಿನಲ್ಲಿ ಜೋರಾಗಿ ಹಾಕಿ ಹಕ್ಕಿಯನ್ನು ಕರೆಯಬೇಡಿ. ಗೂಡಿನ ಕಾಲದಲ್ಲಂತೂ ಕೂಡದು. ಶತ್ರು ಬಂದನೆಂದು ತಿಳಿದು ಅದು ಮೊಟ್ಟೆ ಬಿಟ್ಟು ಹುಡುಕಾಡುತ್ತದೆ.

ರೋಗದಂತೆ ಕಾಣುವುದೆಲ್ಲ ರೋಗವಲ್ಲ

ಹಕ್ಕಿಗೆ ಏನೋ ಆಗಿದೆ ಎಂಬ ಕರೆಗಳಲ್ಲಿ ಒಳ್ಳೆಯ ಪಾಲು ಆರೋಗ್ಯವಂತ ಹಕ್ಕಿಗಳವು. ಗದ್ದೆಗೆ ಇಳಿದ ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಇರುತ್ತದೆ. ಕೊಕ್ಕು ಮುರಿದಿದೆ ಎಂದು ಜನ ಮರುಗುತ್ತಾರೆ. ಅದರ ಕೊಕ್ಕು ಇರುವುದೇ ಹಾಗೆ, ಬಸವನಹುಳು ಹಿಡಿದು ತಿನ್ನಲು. ಬೈಕಿನ ಕನ್ನಡಿಗೆ ದಿನವಿಡೀ ಕುಕ್ಕುವ ಸೂರಕ್ಕಿಗೆ ಹುಚ್ಚು ಹಿಡಿದಿಲ್ಲ. ಕನ್ನಡಿಯೊಳಗಿನ ಗಂಡನ್ನು ತನ್ನ ಜಾಗದಿಂದ ಓಡಿಸಲು ನೋಡುತ್ತಿದೆ. ಕನ್ನಡಿಗೆ ಬಟ್ಟೆ ಸುತ್ತಿದರೆ ಅದಕ್ಕೂ ಬಿಡುವು, ನಿಮಗೂ. ನೆಲದಲ್ಲಿ ರೆಕ್ಕೆ ಹರಡಿ, ಬಾಯಿ ತೆರೆದು ಬಿದ್ದ ಕಾಗೆ ಸಾಯುತ್ತಿದೆ ಎಂದು ಓಡುವ ಮೊದಲು ಒಂದು ಕ್ಷಣ ನಿಂತು ನೋಡಿ: ಕೆಂಜಿರುವೆಗಳ ನಡುವೆ ಬಿದ್ದಿದ್ದರೆ ಅದು ಇರುವೆ ಸ್ನಾನ, ಬಿಸಿಲಿನಲ್ಲಿದ್ದರೆ ಬಿಸಿಲು ಕಾಯುವುದು. ಮರಿ ಮಾಡಿ ಮುಗಿಸಿದ ಪಿಕಳಾರ, ಮೈನಾಗಳ ತಲೆ ಬೋಳಾಗುವುದೂ ಸಾಮಾನ್ಯವಾಗಿ ಗರಿ ಉದುರಿ ಹೊಸತು ಬರುವ ಹಂತ. ಬಿಳಿ ಕಾಗೆ, ಬಿಳಿ ಮಚ್ಚೆಯ ಮೈನಾ ಬಣ್ಣದ ಕೊರತೆಯಿಂದ ಹುಟ್ಟಿದವು. ಅವುಗಳಿಂದ ಯಾರಿಗೂ ಯಾವ ರೋಗವೂ ಬರುವುದಿಲ್ಲ.

ಏಪ್ರಿಲ್ ಮೇ ತಿಂಗಳಲ್ಲಿ ಅಂಗಳಕ್ಕೆ ಬಿದ್ದ ಮರಿಗಳ ವಿಷಯ. ಮೈತುಂಬ ಗರಿ ಬಂದು, ಕುಪ್ಪಳಿಸುತ್ತಾ, ಬಾಲ ಮಾತ್ರ ಮೋಟಾಗಿರುವ ಮರಿ ಹಾರಲು ಕಲಿಯುತ್ತಿದೆ. ಅದನ್ನು ಎತ್ತಿ ಹತ್ತಿರದ ಪೊದೆಯ ಕೊಂಬೆಯಲ್ಲಿ ಕೂರಿಸಿ, ಬೆಕ್ಕು ನಾಯಿ ಕಟ್ಟಿ, ದೂರ ಸರಿಯಿರಿ. ತಾಯಿ ತಂದೆ ಅಲ್ಲೇ ಎಲ್ಲೋ ಇರುತ್ತವೆ. ಗರಿಯೇ ಇಲ್ಲದ ಮರಿಯನ್ನು ಗೂಡಿಗೇ ಮರಳಿಸಬೇಕು. ಗೂಡು ಸಿಗದಿದ್ದರೆ ಸಣ್ಣ ಬುಟ್ಟಿಗೋ ತಳ ತೂತು ಮಾಡಿದ ಗೆರಟೆಗೋ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ನಿಜವಲ್ಲ. ಆದರೆ ಹಾಲು, ಅನ್ನ ಕೊಡಬೇಡಿ. ಕೊಕ್ಕು ಬಿಡಿಸಿ ನೀರು ಹನಿಸುವುದು ಎಲ್ಲಕ್ಕಿಂತ ಅಪಾಯ, ಶ್ವಾಸಕೋಶಕ್ಕೆ ಹೋಗಿ ಹಕ್ಕಿ ಸಾಯುತ್ತದೆ.

ನಿಜವಾದ ಕಾಯಿಲೆ

ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ, ಕಾಲಿನ ಮೇಲೆ ಗಂಟುಗಂಟಾದ ಹುರುಪೆ ಕಂಡರೆ ಹಕ್ಕಿ ಸಿಡುಬು ಇರಬಹುದು. ಸೊಳ್ಳೆಯಿಂದಲೂ ಒಂದಕ್ಕೊಂದು ತಾಗುವುದರಿಂದಲೂ ಹರಡುತ್ತದೆ. ಹಕ್ಕಿಗಳಿಗೆ ನೀರಿಡುವ ಪಾತ್ರೆಯನ್ನು ದಿನಾ ತಿಕ್ಕಿ ಒಣಗಿಸುವುದು, ಕಾಯಿಲೆ ಕಂಡಾಗ ಕೆಲವು ದಿನ ಪಾತ್ರೆ ತೆಗೆದಿಡುವುದು ನಾವು ಮಾಡಬಹುದಾದ ಕೆಲಸ. ಕುತ್ತಿಗೆ ತಿರುಚಿ, ಸುತ್ತ ತಿರುಗುವ ಪಾರಿವಾಳದಲ್ಲಿ ಕೊಕ್ಕರೆ ರೋಗ ಎಂದು ಕೋಳಿ ಸಾಕುವವರು ಹೇಳುವ ರಾಣಿಖೇತ್ ಬಗೆಯ ವೈರಸ್ ಇರಬಹುದು. ಹಾಗಾಗಿ ಅದನ್ನು ಮನೆಯ ಕೋಳಿಗಳ ಹತ್ತಿರ ತರಬಾರದು.

ಒಂದೇ ಜಾಗದಲ್ಲಿ ಒಂದೆರಡು ದಿನದೊಳಗೆ ಹಲವು ಕಾಗೆ, ಬೆಳ್ಳಕ್ಕಿ, ನವಿಲು ಸತ್ತು ಬಿದ್ದರೆ ಹೆಸರು ಕೇಳುತ್ತಾ ಕೂರುವ ಹೊತ್ತು ಅದಲ್ಲ. ಮುಟ್ಟಬೇಡಿ, ಹೂಳಬೇಡಿ, ಸುಡಬೇಡಿ. ಚಿತ್ರ ತೆಗೆದು, ಸಂಖ್ಯೆ, ಜಾಗ, ಹತ್ತಿರದಲ್ಲಿ ಗದ್ದೆಗೆ ಮದ್ದು ಹೊಡೆದಿದ್ದಾರೋ, ಇಲಿ ಪಾಷಾಣ ಇಟ್ಟಿದ್ದಾರೋ ಎಂಬುದನ್ನು ಬರೆದುಕೊಂಡು ತಾಲೂಕಿನ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರದ ಶಂಕೆಯಿದ್ದರೆ ಮಾದರಿ ಭೋಪಾಲದ ಉನ್ನತ ಸುರಕ್ಷತಾ ಪ್ರಾಣಿ ರೋಗ ಸಂಸ್ಥೆಗೆ ಹೋಗುತ್ತದೆ. 2021ರ ಆರಂಭದಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆ ಬಾತುಕೋಳಿಗಳಲ್ಲಿ ರೋಗ ಖಚಿತವಾದದ್ದು ಅಂಥ ಪರೀಕ್ಷೆಯಿಂದಲೇ. ಅನಿವಾರ್ಯವಾಗಿ ಸತ್ತ ಹಕ್ಕಿ ಸರಿಸಬೇಕಾದರೆ ಪ್ಲಾಸ್ಟಿಕ್ ತೊಟ್ಟೆಯನ್ನು ಕೈಗವಸಿನಂತೆ ತೊಟ್ಟು ಎತ್ತಿ, ಅದನ್ನೇ ಮಗುಚಿ ಕಟ್ಟಿ, ಸಾಬೂನಿನಿಂದ ಕೈ ತೊಳೆಯಿರಿ.

ಸಾವನ್ನು ದಾಖಲಿಸುವುದರಿಂದ ಏನಾಗುತ್ತದೆ ಎಂಬ ನಿರಾಸೆ ಬೇಡ. ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಕುತ್ತಿಗೆ ಇಳಿಬಿಟ್ಟು ಕೂತು ಸಾಯುವುದನ್ನು, ಸಂಖ್ಯೆ ಕುಸಿಯುವುದನ್ನು 1990ರ ದಶಕದಲ್ಲಿ ವಿಜ್ಞಾನಿ ವಿಭು ಪ್ರಕಾಶ್ ಬರೆದಿಟ್ಟರು. ಸತ್ತ ಹಕ್ಕಿಗಳ ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಹುಡಿ, ಮೂತ್ರಪಿಂಡ ಹಾಳಾಗಿತ್ತು. ವೈರಸ್ ಎಂದು ಹುಡುಕಿದವರಿಗೆ ವೈರಸ್ ಸಿಗಲಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ನೋವಿನ ಮದ್ದು ಕಾರಣ ಎಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಅಷ್ಟರೊಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಹೋಗಿದ್ದವು. ಮೊದಲ ಟಿಪ್ಪಣಿ ಇನ್ನಷ್ಟು ಬೇಗ, ಇನ್ನಷ್ಟು ಊರುಗಳಿಂದ ಬಂದಿದ್ದರೆ ಎಂದು ಅನಿಸದೆ ಇರುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಕತೆಯಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ, ಅದರ ವೈರಸ್ ರಷ್ಯಾ ಕಡೆಯ ಉಣುಗು ಜ್ವರದ ವೈರಸ್ಸಿಗೆ ಹತ್ತಿರವಾಗಿತ್ತು. ವಲಸೆ ಹಕ್ಕಿಗಳೇ ಉಣುಗು ಹೊತ್ತು ತಂದವೇ ಎಂಬ ಶಂಕೆ ಎದ್ದು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ತಿಳಿವಳಿಕೆಯ ಒಂದು ಬೇರು ಆ ಕಾಯಿಲೆಯಲ್ಲಿದೆ. ಅದೇ ಮಂಗನ ಕಾಯಿಲೆ 1982-83ರ ಹೊತ್ತಿಗೆ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ ಕಡೆ ಬಂದು ಬಹಳ ಜನರನ್ನು ಕಾಡಿತು. ಡಿಸೆಂಬರಿನಿಂದ ಮೇ ತನಕ ಘಟ್ಟದ ಬುಡದ ಕಾಡಿಗೆ ಹಕ್ಕಿ ನೋಡಲು ಹೋಗುವವರು ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಕೇಂದ್ರದಲ್ಲಿ ಸಿಗುವ, ಉಣುಗು ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರಿನ ಸ್ನಾನ, ಬಟ್ಟೆ ಕೂಡಲೇ ಒಗೆಯುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಗಾಯಗೊಂಡ ಹಕ್ಕಿಗೆ ಎಲ್ಲಿ ಮೊರೆ? ಅರಣ್ಯ ಇಲಾಖೆಯ ವಲಯ ಕಚೇರಿ ಮೂರೂ ಕಡೆ ಇದೆ. ಅರಣ್ಯ ಸಹಾಯವಾಣಿ 1926, ಪಶುವೈದ್ಯ ಸಹಾಯವಾಣಿ 1962. ಮೂಡುಬಿದಿರೆ ರಸ್ತೆಯ ವಾಮಂಜೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ರಕ್ಷಿಸಿದ ವನ್ಯಜೀವಿಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆ. ಸಾಗಿಸುವ ಮೊದಲು ಅರಣ್ಯ ಇಲಾಖೆಗೆ ಹೇಳಿಯೇ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಅಧಿಕಾರಿಗಳಿಗೋ ಪೊಲೀಸರಿಗೋ ವರದಿ ಮಾಡಬೇಕು. ಗಾಯ ವಾಸಿಯಾದ ಗಿಳಿಯನ್ನು ಪ್ರೀತಿಯಿಂದ ಸಾಕಿಕೊಂಡರೂ ಅದು ಅಪರಾಧವೇ.

ಹೇಳಬಾರದ ಉತ್ತರ

ಎಲ್ಲ ಪ್ರಶ್ನೆಗೂ ಪೂರ್ತಿ ಉತ್ತರ ಎಲ್ಲರೆದುರು ಕೊಡಬಾರದು. ಬೆಳ್ತಂಗಡಿಯ ಕಾಡಂಚಿನಲ್ಲಿ ಕಪ್ಪೆಬಾಯಿ ಹಕ್ಕಿ ಹಗಲು ಬಳ್ಳಿಗಳ ನಡುವೆ ಜೋಡಿಯಾಗಿ ಕೂತಿರುತ್ತದೆ. ಕಣ್ಣುಮುಚ್ಚಿ ಕೊಕ್ಕು ಮೇಲೆತ್ತಿದರೆ ಒಣಗಿದ ಎಲೆ ಸಿಕ್ಕಿಕೊಂಡಂತೆಯೇ, ಮಾರು ದೂರದಲ್ಲಿದ್ದರೂ ಕಾಣದು. ಗೂಡು ಅಂಗೈಯಗಲದ ಪುಟ್ಟ ಮೆತ್ತೆ. ಇಡುವುದು ಒಂದೇ ಮೊಟ್ಟೆ. ಹಗಲು ಗಂಡು ಕಾವು ಕೂರುತ್ತದೆ. ಅದರ ಜಾಗ ಒಮ್ಮೆ ಹೊರಬಿದ್ದರೆ ಕ್ಯಾಮೆರಾ ಹಿಡಿದವರ ಸಾಲೇ ಬರುತ್ತದೆ, ಕೊಂಬೆ ಕಡಿದು ಬೆಳಕು ಮಾಡಿಕೊಳ್ಳುವವರೂ ಬರುತ್ತಾರೆ. ಆ ಒಂದು ಮೊಟ್ಟೆ ಹೋದರೆ ಅದು ಮತ್ತೆ ಮೊದಲಿನಿಂದ ಶುರುಮಾಡಬೇಕು. ಗೂಬೆಗಳಿಗೂ ಇದೇ ನಿಯಮ. ಮಾಟದ ಹೆಸರಿನಲ್ಲಿ ಅವುಗಳನ್ನು ಹಿಡಿಯುವ ಕಳ್ಳಬೇಟೆ ದೇಶದಲ್ಲಿ ಇನ್ನೂ ನಿಂತಿಲ್ಲ. ಹೆಸರನ್ನು ಎಲ್ಲರಿಗೂ ಹೇಳಿ, ಜಾಗವನ್ನು ಟಿಪ್ಪಣಿ ಪುಸ್ತಕದಲ್ಲಿ ಉಳಿಸಿ. ಮೊಬೈಲ್ ಚಿತ್ರದೊಳಗೆ ಜಾಗದ ಗುರುತು ಅಡಗಿರಬಹುದು, ಹಂಚುವ ಮೊದಲು ಅದನ್ನು ತೆಗೆಯಿರಿ.

ಉತ್ತರ ಸಿಗದೆ ಉಳಿಯುವ ಪ್ರಶ್ನೆಗಳಿಗೆ ಬೇರೆಯೇ ಪುಟ ಇಡಿ. ಸುಮ್ಮನೆ ಒಂದು ಹೆಸರು ಅಂಟಿಸಿ ಮುಗಿಸಿದರೆ ಆ ಪ್ರಶ್ನೆ ಮತ್ತೆ ಯಾರೂ ತೆರೆಯುವುದಿಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ 2013ರಿಂದ ಭಾರತದವರೂ ಸೇರಿಕೊಂಡಿದ್ದಾರೆ. ಅದೇ ಹೊತ್ತಿಗೆ ಕಾಲೇಜುಗಳ ಕ್ಯಾಂಪಸ್ ಬರ್ಡ್ ಕೌಂಟ್ ಕೂಡ ಇರುತ್ತದೆ. ಮೂರೂ ತಾಲೂಕಿನವರು ಒಟ್ಟಿಗೆ ಹೊರಗಿರುವ ದಿನಗಳವು. ಹಿಂದಿನ ವರ್ಷ ಬಿಡಿಸದೆ ಉಳಿದ ರಾತ್ರಿಯ ಕೂಗೊಂದು ಪಟ್ಟಿಯಲ್ಲಿದ್ದರೆ, ಅದು ಕೇಳಿಸಿದ ಜಾಗಕ್ಕೆ ಅದೇ ಹೊತ್ತಿಗೆ ಇಬ್ಬರು ಹೋಗಿ ನಿಲ್ಲಬಹುದು: ಒಬ್ಬರು ರೆಕಾರ್ಡರ್ ಹಿಡಿಯಲು, ಇನ್ನೊಬ್ಬರು ಟಾರ್ಚ್ ಹಾಕದೆ ಮರದ ತುದಿ ನೋಡಲು.